ಗೋಡೆಯ ಕಡೆ ಮುಖ ಮಾಡಿದ ಪತ್ರಗಳು

ಮೈದಾ ಅಂಟು ಕುದಿಯುವ ವಾಸನೆ ಎಂದರೆ ಅವಳಿಗೆ ಅಮ್ಮನ ನೆನಪು. ಚಿಕ್ಕಂದಿನಲ್ಲಿ ಅಮ್ಮ ಕಾಗದದ ಚೀಲ ಮಾಡುತ್ತಿದ್ದಾಗ ಮನೆಯೆಲ್ಲ ಆ ಬೆಚ್ಚನೆಯ, ತುಸು ಹುಳಿಯಾದ ವಾಸನೆ. ಅದನ್ನು ಮೂಸುತ್ತಲೇ ಅವಳು ನಿದ್ದೆ ಹೋಗುತ್ತಿದ್ದಳು. ಇವತ್ತು ಅದೇ ವಾಸನೆ ಅತ್ತೆಮನೆಯ ಮುಂದಿನ ಕೋಣೆಯಲ್ಲಿ ಹರಡಿತ್ತು. ಆದರೆ ಅವಳ ಕಣ್ಣು ಗಡಿಯಾರದ ಮೇಲಿತ್ತು. ನಾಲ್ಕು ಗಂಟೆಗೆ ಅತ್ತೆ ಬರುತ್ತಾರೆ... ಬಂದು ಗೋಡೆ ನೋಡುತ್ತಾರೆ!

ಬೆಳಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. ಕೆಲಸ ಕೊಟ್ಟಿದ್ದ ಪ್ರೆಸ್ಸು ಬಾಗಿಲು ಹಾಕಿ ತಿಂಗಳಾಗಿತ್ತು. ಅಲ್ಲಿ ಫೋನಿನ ಮುಂದೆ ಕೂರುತ್ತಿದ್ದ ಫೋನಮ್ಮ, ಪ್ರೂಫ್ ತಿದ್ದುತ್ತಿದ್ದ ಕನ್ನಡಕದವಳು, ಪತ್ರ-ಫೈಲು ನೋಡುತ್ತಿದ್ದ ಇವಳು, ಮೂವರೂ ಸೇರಿ ಸ್ವಂತ ಕಂಪನಿ ಮಾಡುವ ಯೋಚನೆ. ಗುಮಾಸ್ತರನ್ನು ಇಟ್ಟುಕೊಳ್ಳಲಾಗದ ಸಣ್ಣ ಅಂಗಡಿಗಳ ಆಫೀಸು ಕೆಲಸವನ್ನು ತಾವೇ ಮಾಡಿಕೊಡುವುದು. ಕೂರಲು ಈ ಕೋಣೆಯೊಂದೇ ಗತಿ. ಸಂಜೆ ಅತ್ತೆಯನ್ನು ಕೇಳಬೇಕು. ಲೋಟ ಕುಕ್ಕುವ ಸದ್ದಿನಿಂದಲೇ ಮನೆಯನ್ನು ನಡುಗಿಸುವ ಅತ್ತೆಯನ್ನು!

ಹೊಳೆದದ್ದನ್ನೆಲ್ಲ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು, ಮುಗಿಯುವವರೆಗೆ ಯಾರೂ ನಗಬಾರದು ಎಂದು ಕನ್ನಡಕದವಳ ಕಟ್ಟಪ್ಪಣೆ.

"ಬಡಗಿ ಮರ ಕೊಯ್ಯೋವಾಗ ಅವನ ಫೋನು ನಾವು ತೆಗೆಯೋದು," ಅಂದಳು ಫೋನಮ್ಮ.

"ದರ್ಜಿ ಪರವಾಗಿ 'ನಾಳೆ ಖಂಡಿತ ಕೊಡ್ತೀವಿ' ಅಂತ ಸುಳ್ಳು ಹೇಳೋದೂ ಸೇರಿಸೇ!" ಎನ್ನುತ್ತ ಕನ್ನಡಕದವಳೇ ಮೊದಲು ಬಿದ್ದು ಬಿದ್ದು ನಕ್ಕಳು.

ಚೀಟಿ ಮುಗಿದಾಗ ಸೊಸೆ ಬೀರುವಿನ ಮೇಲಿದ್ದ ಹಳೇ ಕಾಗದದ ಕಟ್ಟು ಇಳಿಸಿದಳು. ಒಂದು ಮಗ್ಗುಲಲ್ಲಿ ಮಾಸಿದ ಪೆನ್ಸಿಲ್ ಬರಹ, ಇನ್ನೊಂದು ಮಗ್ಗುಲು ಖಾಲಿ. ಪ್ರೆಸ್ಸಿನಲ್ಲಿ ಪಳಗಿದ ಕೈಗಳಿಗೆ ಒಂದು ಮಗ್ಗುಲು ಖಾಲಿಯಿದ್ದರೆ ಅದು ಬರೆಯುವ ಕಾಗದ, ಅಷ್ಟೆ. ಹಿಂದೆ ಏನಿದೆಯೆಂದು ಅಕ್ಷರ ತಿದ್ದುವವಳೂ ನೋಡಲಿಲ್ಲ. ಅರ್ಧರ್ಧ ಹರಿದರು, ಬರೆದರು, ಅಂಟಿಸಿದರು. ಕೊನೆಯ ತುಂಡಿಗೆ ಅಂಟು ಬಳಿಯಲೆಂದು ತಿರುವಿದಾಗ ಕಂಡದ್ದು: 'ಇಂತಿ ನಿನ್ನ ಯಜಮಾನ.'

ತೀರಿಹೋದ ಮಾವ ದೂರದೂರಿನಲ್ಲಿ ದುಡಿಯುತ್ತಿದ್ದಾಗ ಅತ್ತೆಗೆ ಬರೆದ ಪತ್ರಗಳು!

"ನೀರು ಹಚ್ಚಿ ಬಿಡಿಸೋಣ್ವಾ?" ಕೇಳಿದಳು ಫೋನಮ್ಮ. ಒಂದು ಮೂಲೆ ಒದ್ದೆ ಮಾಡಿ ಎಳೆದರೆ ಕಾಗದ ಹಿಟ್ಟಿನ ಮುದ್ದೆಯಾಗಿ ಬೆರಳಿಗೆ ಬಂತು. ಅಷ್ಟರಲ್ಲಿ ಗೇಟು ಕಿರ್ರೆಂದಿತು.

ಅತ್ತೆ ಹೊಸಿಲಲ್ಲೇ ನಿಂತರು. ಗೋಡೆ ನೋಡಲಿಲ್ಲ, ನೆಲದ ಮೇಲಿದ್ದ ಕಟ್ಟಿನ ದಾರ ನೋಡಿದರು.

"ಇದನ್ನ ಬಿಚ್ಚಿದ್ಯಾರು?"

"ನಾನು ಅಮ್ಮಾ, ಅವಳಲ್ಲ," ಕನ್ನಡಕದವಳು ಮುಂದೆ ಬಂದಳು.

"ಇಲ್ಲ ಅತ್ತೆ, ಬಿಚ್ಚಿದ್ದು ನಾನೇ... ರದ್ದಿ ಅಂದ್ಕೊಂಡೆ. ನನಗೆ ಈ ಕಂಪನಿಯೇ ಬೇಡ. ಇವರನ್ನ ಈಗಲೇ ಕಳಿಸಿಬಿಡ್ತೀನಿ. ಏನು ಬೇಕಾದ್ರೂ ಅನ್ನಿ, ಸುಮ್ಮನೆ ಮಾತ್ರ ನಿಲ್ಲಬೇಡಿ!"

ಅತ್ತೆ ಒಳಗೆ ಬಂದು, ಬಗ್ಗಿ ದಾರ ಎತ್ತಿ ಬೆರಳಿಗೆ ಸುತ್ತಿಕೊಂಡರು. ಈಗ ಹೊರಗೆ ನಡಿ ಅನ್ನುತ್ತಾರೆ... ಲಾರಿಯ ಜೊತೆ ಊರೂರು ಸುತ್ತುವ ಗಂಡ ಬರುವಷ್ಟರಲ್ಲಿ ತನಗೆ ಈ ಮನೆಯೇ ಇರುವುದಿಲ್ಲ... ಅವಳು ಕಣ್ಣು ಮುಚ್ಚಿದಳು.

"ಕೈಲಿರೋದು ಓದು," ಅಂದರು ಅತ್ತೆ.

"ಅತ್ತೆ?"

"ಓದು ಅಂದೆ. ನನಗೆಲ್ಲಿ ಓದಕ್ಕೆ ಬರತ್ತೆ? ಆಗ ಅಂಗಡಿಯವನ ಹತ್ರ ಓದಿಸಿದ್ರೆ, ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ ನಕ್ಕಿದ್ದ. ಅವತ್ತು ಕಿತ್ಕೊಂಡು ಬಂದವಳು, ಮತ್ತೆ ಯಾರಿಗೂ ತೋರಿಸಲಿಲ್ಲ. ಹೆತ್ತ ಮಗನ ಕೈಲಿ ಓದಿಸೋ ಪತ್ರಾನಾ ಅವು?"

ಗೆಳತಿಯರಿಬ್ಬರೂ ತಾವಾಗಿಯೇ ಹಿತ್ತಲ ಕಡೆ ಸರಿದರು. ಅವಳು ತೊದಲುತ್ತ ಓದಿದಳು. "'...ಬಸುರಿ ಹೆಂಗಸು ನೀರಿನ ಕೊಡ ಎತ್ತಬೇಡ. ಅಮ್ಮ ಬೈದರೆ ನಾನೇ ಬೇಡವೆಂದೆ ಅನ್ನು. ನೀನು ಎದುರುತ್ತರ ಕೊಡದೆ ಅಳುತ್ತಿರುತ್ತೀ ಎಂದು ನನಗೆ ಇಲ್ಲಿ ಕೂತೇ ಗೊತ್ತಾಗುತ್ತದೆ. ಇಂತಿ ನಿನ್ನ ಯಜಮಾನ.'"

"ಎತ್ತಿದ್ದೆ ಕಣೇ... ಒಂಬತ್ತು ತಿಂಗಳೂ ಎತ್ತಿದ್ದೆ. ಬೇಡ ಅಂತ ಬರೆದಿದ್ರು ಅನ್ನೋದು ಈಗ ಗೊತ್ತಾಗ್ತಿದೆ ನೋಡು!" ಅತ್ತೆ ಸೆರಗಿನಿಂದ ಮುಖ ಒತ್ತಿಕೊಂಡು ಕೇಳಿದರು: "ಮಿಕ್ಕಿದ್ದು?"

"ಗೋಡೆ ಕಡೆ ಮುಖ ಮಾಡಿವೆ ಅತ್ತೆ. ಕಿತ್ತರೆ ಒಂದಕ್ಷರವೂ ಉಳಿಯಲ್ಲ..."

ಅತ್ತೆ ಗೋಡೆಯ ಹತ್ತಿರ ಹೋಗಿ, ಇನ್ನೂ ಹಸಿಯಿದ್ದ ಚೀಟಿಯೊಂದರ ಮೇಲೆ ಅಂಗೈ ಇಟ್ಟರು.

"ಕಿತ್ತರೆ ಕೈ ಮುರೀತೀನಿ. ಈ ಗೋಡೆಗೆ ಇನ್ನು ಸುಣ್ಣ ಹೊಡೆಯೋ ಹಾಗೂ ಇಲ್ಲ. ಇದನ್ನ ಕಾಯ್ಕೊಂಡು ಯಾರಾದರೂ ಇಲ್ಲಿ ಕೂತಿರಬೇಕು, ಅಷ್ಟೆ. ನಿಮ್ಮ ಕಂಪನಿನೋ ಗಿಂಪನಿನೋ, ಇಲ್ಲೇ ಮಾಡ್ಕೊಳ್ಳಿ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಅವಳೂ ಕೇಳಲಿಲ್ಲ, ಆ ಪತ್ರಗಳ ಭಾರ ಇನ್ನು ಜೀವನಪೂರ್ತಿ ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಗೋಡೆಗೊರಗಿ ಕುಸಿದು ಕೂತಳು. ಒಳಗೆ ಪಾತ್ರೆಯ ಮುಚ್ಚಳ ತೆಗೆದ ಸದ್ದು, ಸೌಟಿನ ಸದ್ದು. ಸ್ವಲ್ಪ ಹೊತ್ತಿಗೆ ಅತ್ತೆ ಬಂದು, ಅನ್ನ ಸಾರು ಕಲಸಿದ ತಟ್ಟೆಯೊಂದನ್ನು ಅವಳ ಕೈಗಿಟ್ಟರು.