ಬಿರುಕು ಬಿಟ್ಟ ಕಡೆಗೋಲು

ರೆಮೆದಿಯೋಸ್ ಹೊಳಪು ಬರಿಸಲು ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯನ್ನು ಲೇತಿನ ಮೇಲೆ ತಿರುಗುತ್ತಿದ್ದ ಅಕ್ರಿಲಿಕ್ ಕಡೆಗೋಲಿಗೆ ತಾಗಿಸಬೇಕು ಎನ್ನುವಷ್ಟರಲ್ಲಿ, ಹಿಂದಿನಿಂದ ಯಾರೋ ಅವಳ ಮಣಿಕಟ್ಟು ಹಿಡಿದರು.

"ಬೇಡ ಕಣೆ. ಅದನ್ನ ಹಚ್ಬೇಡ."

ತಿರುಗಿ ನೋಡಬೇಕಿರಲಿಲ್ಲ. ಫಿದೆನ್ಸಿಯೊ... ಊರು ಬಿಟ್ಟು ಹೋದವನು! ಹಳೆಯ ಸಿಟ್ಟು ಉಕ್ಕಿ ಬಂತು.

"ಕೈ ಬಿಡು. ಒಂದ್ಸಲ ಹಾಳು ಮಾಡಿದ್ದು ಸಾಲ್ದಾ?"

ಅವನು ಕೈ ಬಿಟ್ಟ. ಬಟ್ಟೆಯನ್ನು ಮಾತ್ರ ಕಿತ್ತುಕೊಂಡು ಲೇತ್ ಆರಿಸಿದ.

ಮೆಕ್ಸಿಕೋದ ನಮ್ಮ ಪರಾಚೊದಲ್ಲಿ ಲೇತ್ ಹಿಡಿದವರೆಲ್ಲ ಕಡೆಯುವುದು ಮರವನ್ನೇ. ಬುಗುರಿ, ಚದುರಂಗದ ಕಾಯಿ, ಬಿಸಿ ಚಾಕೊಲೇಟಿಗೆ ನೊರೆ ಬರಿಸುವ ಕಡೆಗೋಲು. ಅದರ ಹಿಡಿಯಲ್ಲಿ ಸಡಿಲವಾಗಿ ಆಡುವ ಉಂಗುರಗಳಿರುತ್ತವಲ್ಲ, ಅವನ್ನು ತಂದು ತೊಡಿಸುವುದಿಲ್ಲ, ಅದೇ ತುಂಡಿನಿಂದ ಕೊರೆದು ಬಿಡಿಸುವುದು. ಅಂಥದ್ದನ್ನು ಗಾಜಿನಂಥ ಅಕ್ರಿಲಿಕ್‌ನಲ್ಲಿ ಮಾಡುತ್ತೇನೆಂದು ಹೊರಟವಳು ಇವಳೊಬ್ಬಳೇ. ಬೀದಿಯೆಲ್ಲ ನಕ್ಕಿತು. ಪಕ್ಕದಂಗಡಿಯಲ್ಲಿ ಗಿಟಾರಿಗೆ ಪಾಲಿಷ್ ಹಚ್ಚುತ್ತಿದ್ದ ಫಿದೆನ್ಸಿಯೊ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ದಿನಾ ಬಂದು ಪಕ್ಕದಲ್ಲೇ ಕೂತ.

ಎಂಥ ದಿನಗಳವು... ಉಳಿ ಒತ್ತಿದರೆ ಅಕ್ರಿಲಿಕ್ ಕರಗಿ ಮೆತ್ತಿಕೊಳ್ಳುತ್ತಿತ್ತು, ಅವಸರ ಮಾಡಿದರೆ ಚಟ್ಟೆಂದು ಸಿಡಿಯುತ್ತಿತ್ತು. ಸುರುಳಿಯಾಗಿ ಹಾರುವ ಬಿಳಿ ಎಳೆಗಳು ಅವಳ ಕೂದಲಿಗೆ ಸಿಕ್ಕಿಕೊಂಡರೆ ಅವನು ಬಿಡಿಸುತ್ತಿದ್ದ. ಮದುವೆಯಾಗೋಣವೇ ಎಂದು ಕೇಳಿದ್ದೂ ಹಾಗೆ ಬಿಡಿಸುತ್ತಲೇ. ಕಡೆಗೋಲನ್ನು ಇಡಬೇಕಿದ್ದ ಕರಕುಶಲ ಸ್ಪರ್ಧೆ ಮುಗಿಯಲಿ ಎಂದಳು ಇವಳು. ಗೆದ್ದರೆ ರಾಜಧಾನಿಗೆ ಹೋಗಿ ಕಲಿಯುವ ಅವಕಾಶವಿತ್ತು.

ಸ್ಪರ್ಧೆಯ ಬೆಳಿಗ್ಗೆ ನೋಡಿದರೆ ಕಡೆಗೋಲಿನ ಮೈತುಂಬ ಕೂದಲೆಳೆಯಂಥ ಬಿರುಕು! ಹಿಂದಿನ ಸಂಜೆ ಕೊನೆಗೆ ಅಲ್ಲಿದ್ದವನು ಅವನೇ. ತಾನು ಊರು ಬಿಡಬಾರದೆಂದೇ ಹೀಗೆ ಮಾಡಿದ ಎಂದು ಬೀದಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದಳು. ಅವನು ಊರನ್ನೇ ಬಿಟ್ಟ. ಅವಳೂ ಅಂದಿನಿಂದ ಅಕ್ರಿಲಿಕ್ ಮುಟ್ಟಿರಲಿಲ್ಲ, ಇವತ್ತಿನವರೆಗೆ.

ಈಗ ಅವನು, ಅವಳು ಕಡೆದು ಎಸೆದಿದ್ದ ಅಕ್ರಿಲಿಕ್‌ನ ಒಂದು ತುಂಡನ್ನು ಎತ್ತಿ ಸ್ಪಿರಿಟ್ ಉಜ್ಜಿದ. ಇಬ್ಬರೂ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಅದರ ಮೈಯಲ್ಲಿ ಸಣ್ಣ ಸಣ್ಣ ಬಿರುಕುಗಳು ಏಳತೊಡಗಿದವು. ಅವೇ ಬಿರುಕುಗಳು.

"ಗಿಟಾರಿಗೆ ಕೊನೇಲಿ ಸ್ಪಿರಿಟಲ್ಲಿ ಒರೆಸ್ತೀವಲ್ಲ, ಆ ಸಂಜೆ ನಿನ್ನ ಕಡೆಗೋಲನ್ನೂ ಹಾಗೇ ಒರೆಸ್ದೆ. ಹೊಳೀಲಿ, ನೀನು ಗೆಲ್ಲಲಿ ಅಂತ. ಯಾಕೆ ಹಾಗಾಯ್ತು ಅಂತ ನಂಗೂ ಗೊತ್ತಿರ್ಲಿಲ್ಲ. ಗ್ವಾದಲಹಾರಾ ಸಿಟೀಲಿ ಅಕ್ರಿಲಿಕ್ ಬೋರ್ಡ್ ಮಾಡೋ ಅಂಗಡಿ ಸೇರಿದ್ಮೇಲೇ ತಿಳಿದಿದ್ದು, ಕಡೆದ ಅಕ್ರಿಲಿಕ್‌ಗೆ ಸ್ಪಿರಿಟ್ ತಾಗಿದ್ರೆ ಬಿರುಕು ಬಿಡುತ್ತೆ ಅಂತ."

ಅಯ್ಯೋ ದೇವರೇ... ಇಷ್ಟು ವರ್ಷ ನಾನು ಶಪಿಸಿದ್ದು ಯಾರನ್ನು? ರೆಮೆದಿಯೋಸ್ ಆ ತುಂಡನ್ನು ಅವನ ಕೈಯಿಂದ ತೆಗೆದುಕೊಂಡಳು.

"ಆವಾಗ್ಲೇ ಬಂದು ಹೇಳ್ಬಾರ್ದಿತ್ತಾ?"

"ನಂಬ್ತಿದ್ಯಾ?"

ನಂಬುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಅಕ್ಕನ ಮಗುವಿನ ದೀಕ್ಷಾಸ್ನಾನಕ್ಕೆಂದು ಬಂದಿದ್ದನಂತೆ, ಸಂಜೆಯ ಬಸ್ಸಿಗೆ ವಾಪಸ್ ಹೊರಟವನಂತೆ. ಬಾಗಿಲು ತೆರೆದಿತ್ತು, ಅವಳ ಕೈಯಲ್ಲಿ ಸ್ಪಿರಿಟ್ ಕಂಡಿತು, ತಡೆಯಲಾಗಲಿಲ್ಲವಂತೆ.

ಅವಳು ಕಣ್ಣೊರೆಸಿಕೊಂಡು ತುಂಡನ್ನು ಕೆಳಗಿಟ್ಟಳು. ಅವನ ಕೈ ಹಿಡಿದು ಬಾಗಿಲಿಗೆ ಎಳೆದಳು.

"ಎಲ್ಲಿಗೆ?"

"ಬೀದಿಗೆ. ಅವತ್ತು ಎಲ್ಲರೆದುರಿಗೆ ಬೈದಿದ್ದೆನಲ್ಲ. ಇವತ್ತು ಎಲ್ಲರೆದುರಿಗೇ ಹೇಳ್ತೀನಿ, ತಪ್ಪು ನಂದು, ಇವನು ನನ್ನವನು ಅಂತ."

"ನಗ್ತಾರೆ ಕಣೆ, ರೆಮೆ."

"ನಗ್ಲಿ. ನೀನು ಬಸ್ ಹತ್ತದಿದ್ರೆ ಸಾಕು."

"ಹತ್ತಲ್ಲ," ಎಂದ ಅವನು.