ಐದನೆಯ ರೀಲು

“ಐದನೇ ರೀಲಲ್ಲಿ ಗಂಡ ಅವಳ ಕತ್ತಿನ ಹಿಂದಿನ ಮೊಳೆ ಕೀಳ್ತಾನೆ. ಆವಾಗ ಲೆನ್ಸಿಗೆ ಅಂಗೈ ಅಡ್ಡ ಹಿಡೀಬೇಕು ಕಣಪ್ಪಾ. ಫಿಲಂ ಡಬ್ಬ ತಂದೋರು ಹೇಳಿ ಹೋಗವ್ರೆ. ನಿನ್ನ ಮನೇಲಿ ತುಂಬಿದ ಬಸುರಿ ಬೇರೆ.”

ಮುದಿ ಆಪರೇಟರ್ ಚನ್ನಬಸವಯ್ಯ ಹೀಗೆಂದಾಗ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಪ್ರಭುಸ್ವಾಮಿ ನಕ್ಕುಬಿಟ್ಟ. ಸಿಂಗಪುರದಿಂದ ಮೈಸೂರಿನ ಟಾಕೀಸಿಗೆ ಬಂದಿದ್ದ ಮಲಯ ಭಾಷೆಯ ದೆವ್ವದ ಚಿತ್ರ ಅದು. ಹೆರಿಗೆಯಲ್ಲಿ ಸತ್ತವಳು ದೆವ್ವವಾಗುತ್ತಾಳೆ. ಕತ್ತಿಗೆ ಮೊಳೆ ಹೊಡೆದರೆ ಹೆಂಡತಿಯಾಗಿ ಬಾಳುತ್ತಾಳೆ, ಕಿತ್ತರೆ ಮತ್ತೆ ದೆವ್ವ. ಅಲ್ಲಿನ ಹಳ್ಳಿಯವರ ನಂಬಿಕೆಯಂತೆ.

“ರಬ್ಬರ್ ಮುಖಕ್ಕೆ ಹೆದರ್ಕೋತೀರಲ್ಲ ಸ್ವಾಮಿ!”

ಬುದ್ಧಿವಂತ ನೋಡಿ, ಆವತ್ತಿನ ಮ್ಯಾಟಿನಿಯಲ್ಲಿ ಕೈ ಅಡ್ಡ ಹಿಡಿಯಲಿಲ್ಲ. ಕ್ಯಾಬಿನ್ ತುಂಬ ಪ್ರೊಜೆಕ್ಟರಿನ ದೀಪದಲ್ಲಿ ಸುಟ್ಟ ಕಾರ್ಬನ್ನಿನ ಘಾಟು. ಪರದೆಯ ಮೇಲೆ ಮೊಳೆ ಹೊರಬಂತು. ಅವಳು ತಿರುಗಿದಳು. ಗಂಡನನ್ನು ನೋಡಲಿಲ್ಲ. ಕ್ಯಾಬಿನ್ನಿನ ಕಿಂಡಿಯನ್ನೇ ನೋಡಿದಳು. ಎಲ್ಲಿಂದಲೋ ದೇವಕಣಗಿಲೆ ಹೂವಿನ ವಾಸನೆ. ಠಣ್ಣನೆ ಕಾಲ ಬಳಿ ಏನೋ ಬಿತ್ತು. ಮೊಳೆ. ಬೆಚ್ಚಗಿತ್ತು. ಎತ್ತಿ ಜೇಬಿಗೆ ಹಾಕಿಕೊಂಡ.

ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಅವನು ಅಲ್ಲಿಗೆ ಹೋಗುವಷ್ಟರಲ್ಲಿ ಹೆಂಡತಿ ಗಿರಿಜಾಂಬಾಗೆ ಹೆರಿಗೆಯಾಗಿತ್ತು. ಹೆಣ್ಣುಮಗು ಕಿರುಚುತ್ತಿತ್ತು, ತಾಯಿಯ ಉಸಿರು ನಿಂತಿತ್ತು. ನರ್ಸು ಡಾಕ್ಟರನ್ನು ಕರೆಯಲು ಓಡಿದಳು. ಪ್ರಭುಸ್ವಾಮಿ ಅಳಲಿಲ್ಲ. ಜೇಬಿನಿಂದ ಮೊಳೆ ತೆಗೆದು, ಅವಳ ಜಡೆ ಸರಿಸಿ, ಹೆಬ್ಬೆರಳಿನಿಂದ ಒತ್ತಿದ. ಅವಳು ಕಣ್ಣು ಬಿಟ್ಟಳು.

ಮನೆಗೆ ಬಂದಮೇಲೆ ಅವಳ ತಲೆಯನ್ನು ತಾನೇ ಬಾಚುತ್ತಿದ್ದ. ಮಗು ಅವಳ ತೊಡೆಯ ಮೇಲೆ ಒಮ್ಮೆಯೂ ಅಳಲಿಲ್ಲ. ಅವನಿಗೆ ಭಯವೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ. ಅವಳು ಕಾಫಿ ಕೊಡುತ್ತಿದ್ದಳು, ಅವನು ಕುಡಿಯುತ್ತಿದ್ದ.

ಹನ್ನೊಂದನೆಯ ದಿನ ಮ್ಯಾಟಿನಿ ಮುಗಿಸಿ ಬಂದರೆ, ಅವನ ಅತ್ತೆ ಮಂಗಳಮ್ಮ ಊರಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಕೈತುಂಬ ಹರಳೆಣ್ಣೆ.

“ಬಾಣಂತಿಗೆ ನೀರು ಹಾಕೋಣ ಅಂತ ತಲೆಗೆ ಎಣ್ಣೆ ತಿಕ್ತಿದ್ದೆ ಕಣಪ್ಪಾ. ಕತ್ತಿನ ಹಿಂದೆ ಏನೋ ಚುಚ್ಕೊಂಡಿತ್ತು. ಪಾಪ, ನೋವಾಯ್ತದೇನೋ ಅಂತ ಕಿತ್ತಾಕ್ಬುಟ್ಟೆ. ನೀರು ಕಾದೈತಾ ನೋಡ್ಕೊಂಡು ಬಚ್ಚಲಿಂದ ಬರೋ ಅಷ್ಟ್ರಲ್ಲಿ ಮಗೂನೂ ಇಲ್ಲ, ಅವಳೂ ಇಲ್ಲ. ಎಲ್ಲಿಗೋದ್ಳು?”

ತೊಟ್ಟಿಲು ಇನ್ನೂ ತೂಗುತ್ತಿತ್ತು. ಖಾಲಿ. ಮನೆಯೆಲ್ಲ ದೇವಕಣಗಿಲೆಯ ವಾಸನೆ.

ಮರುದಿನ ಐದನೆಯ ರೀಲು ಬಂದಾಗ ಪ್ರಭುಸ್ವಾಮಿ ಲೆನ್ಸಿಗೆ ಅಂಗೈ ಅಡ್ಡ ಹಿಡಿದ. ಪರದೆ ಕಪ್ಪಾಯಿತು. ಕೆಳಗೆ ಜನ ಸಿಳ್ಳೆ ಹಾಕಿದರು.

“ಸಾಕು, ಕೈ ತಗಿಯಪ್ಪಾ. ಆ ಸೀನು ಮುಗೀತು” ಎಂದರು ಚನ್ನಬಸವಯ್ಯ.

ಅವನು ತೆಗೆಯಲಿಲ್ಲ.