ಬಿಟ್ಟುಹೋದ ಹತ್ತೊಂಬತ್ತು ಪದರಗಳು

ದಿನಾಂಕ 18-11-2024, ಸೋಮವಾರ, ಬೆಳಿಗ್ಗೆ 9.40. ಬೆಳಕಿಂಡಿ ನೇತ್ರ ಕೇಂದ್ರದ ನಿರ್ದೇಶಕ ಡಾ. ಶಂಕರಲಿಂಗಪ್ಪ ಮಧುಗಿರಿ ಠಾಣೆಗೆ ಲಿಖಿತ ದೂರು ತಂದರು. ಪ್ರಯೋಗಾಲಯದ ಸೂಕ್ಷ್ಮದರ್ಶಕಕ್ಕೆ ಜೋಡಿಸಿದ್ದ ಕ್ಯಾಮೆರಾ ಕಳುವಾಗಿತ್ತು. ಇನ್‌ಸ್ಪೆಕ್ಟರ್ ಗೌರೀಶ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಅಂಜಿನಮೂರ್ತಿಯೊಂದಿಗೆ ಹೊರಟರು.

11.15ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ, ಕಂಪ್ಯೂಟರ್ ಇದ್ದಲ್ಲೇ ಇತ್ತು. ಕ್ಯಾಮೆರಾ ಬಿಚ್ಚಿದ ರಂಧ್ರಕ್ಕೆ, ಧೂಳು ಇಳಿಯದಂತೆ, ಯಾರೋ ಕಪ್ಪು ಮುಚ್ಚಳ ತಿರುಗಿಸಿ ಹೋಗಿದ್ದರು. ಕದ್ದ ಕೈ ಉಳಿದುದನ್ನು ಕಾಪಾಡಿತ್ತು.

“ನಿನ್ನೆ ಯಾರಾದರೂ ಬಂದಿದ್ದರಾ?”

“ನರಪಿಳ್ಳೆ ಬಂದಿಲ್ಲ ಸಾ,” ಎಂದ ಕಾವಲುಗಾರ ಅಡವಯ್ಯ.

ಕ್ಯಾಮೆರಾ ಇಲ್ಲದ್ದರಿಂದ ಆ ದಿನ ಪರೀಕ್ಷಿಸಬೇಕಿದ್ದ ಮಾದರಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಯಿತು. ಅದು ಗೌಡಗೆರೆಯ ರಂಗಕ್ಕನ ಕಣ್ಣಿನದು. ಕಡಲೆಕಾಯಿ ಬಿಡಿಸುವಾಗ ಸಿಪ್ಪೆಯ ಚೂರು ಸಿಡಿದಿತ್ತು.

ಮಂಗಳವಾರ ಅಂಜಿನಮೂರ್ತಿ ಶಿರಾದ ಹಳೇ ಸಾಮಾನಿನ ಅಂಗಡಿಗಳನ್ನು ವಿಚಾರಿಸಿ ಬಂದ. “ಒಬ್ಬ ಸಾಬರು ನಕ್ಕುಬುಟ್ರು ಸಾರ್. ಲೆನ್ಸೇ ಇಲ್ದಿರೋ ಕ್ಯಾಮೆರಾನ ಕದ್ದವನು ಕಳ್ಳ ಅಲ್ಲ ಭಾಯ್, ಪಾಗಲ್ ಅಂದ್ರು.”

ಬುಧವಾರ ಗೌರೀಶ್ ಕಂಪ್ಯೂಟರಿನ ದಾಖಲೆ ತೆಗೆಸಿದರು. ಭಾನುವಾರ ಮಧ್ಯಾಹ್ನ 1.50ಕ್ಕೆ ಒಂದೇ ಒಂದು ಚಿತ್ರವನ್ನು ತೆರೆಯಲಾಗಿತ್ತು: ಮಿಡಿಗೇಶಿಯ ಬೋರಪ್ಪನ ಕಣ್ಣಿನದು. ಅಡವಯ್ಯನನ್ನು ಮತ್ತೆ ಕರೆಸಿದರು.

“ಯಾರೂ ಬಂದಿಲ್ಲ ಅಂದೆಯಲ್ಲ?”

“ವನಜಾಕ್ಷಮ್ಮ ಬಂದಿದ್ರು. ಅವ್ರು ನಮ್ಮೋರಲ್ವಾ ಸಾ? ನೀವು ಯಾರಾದ್ರೂ ಬಂದ್ರಾ ಅಂದ್ರಿ.”

“ಲೇ, ನಿನ್ ಕಾವಲಿಗೆ ಇನ್ನೊಂದು ಬೀಗ ಹಾಕ್ಬೇಕು ಕಣ್ಲಾ!” ಎಂದ ಅಂಜಿನಮೂರ್ತಿ.

ವನಜಾಕ್ಷಿ ಪ್ರಯೋಗಾಲಯದ ತಂತ್ರಜ್ಞೆ. ಖರೀದಿ ಕಡತದಲ್ಲಿ ಅವಳ ಮೂರು ಪತ್ರಗಳಿದ್ದವು. ಮಸುಕು ಬೆಳಕನ್ನೂ ಹಿಡಿಯಬಲ್ಲ ಕಪ್ಪುಬಿಳುಪು ಕ್ಯಾಮೆರಾ ಬೇಕು. ಅದರ ವೇಗಕ್ಕೆ ತಕ್ಕ ಮೆಮೊರಿಯ ಕಂಪ್ಯೂಟರ್ ಬೇಕು. ಇಲ್ಲವಾದರೆ ಪದರಗಳು ಬಿಟ್ಟುಹೋಗುತ್ತವೆ. ಸಮಿತಿ ಆರಿಸಿದ್ದು ಹೆಚ್ಚು ಮೆಗಾಪಿಕ್ಸೆಲ್‌ನ ಬಣ್ಣದ ಕ್ಯಾಮೆರಾ, ಜೊತೆಗೆ ನೋಂದಣಿ ಕೌಂಟರಿನ ಹಳೆಯ ಕಂಪ್ಯೂಟರ್.

“ಪದರ ಎಂದರೇನು?” ಗೌರೀಶ್ ನಿರ್ದೇಶಕರನ್ನು ಕೇಳಿದರು.

“ಆಳಕ್ಕೆ ಇಳಿಯುತ್ತಾ ಅರವತ್ತು ಫೋಟೊ ತೆಗೀತೀವಿ,” ಎಂದರು ಶಂಕರಲಿಂಗಪ್ಪ. “ಕಂಪ್ಯೂಟರ್ ಅವನ್ನ ಒಂದರ ಮೇಲೊಂದು ಜೋಡಿಸಿ ಮೂರು ಆಯಾಮದ ಚಿತ್ರ ಮಾಡತ್ತೆ.”

“ಬೋರಪ್ಪನದರಲ್ಲಿ ಎಷ್ಟಿವೆ?”

ಅವರು ಎಣಿಕೆ ನೋಡಿದರು. “ನಲವತ್ತೊಂದು.”

“ಮಿಕ್ಕವು?”

“ನಡುವೆ ಬಿಟ್ಟದ್ದನ್ನ ಕಂಪ್ಯೂಟರ್ ತಾನೇ ಊಹಿಸಿ ತುಂಬತ್ತೆ.”

ಪರದೆಯ ಮೇಲಿನ ಚಿತ್ರ ನುಣುಪಾಗಿತ್ತು, ಸುಂದರವಾಗಿತ್ತು. ಎಲ್ಲಿಯೂ ಬಿರುಕಿರಲಿಲ್ಲ.

“ಅವಳು ಕೇಳಿದ್ದನ್ನು ಏಕೆ ಕೊಡಿಸಲಿಲ್ಲ?”

“ದಾನಿಗಳು ಬಂದಾಗ ಕಪ್ಪುಬಿಳುಪು ತೋರಿಸೋಕಾಗತ್ತೇನ್ರೀ?”

ಗುರುವಾರ ಬೆಳಿಗ್ಗೆ ಗೌರೀಶ್ ಮಿಡಿಗೇಶಿಗೆ ಹೋದರು. ಬೋರಪ್ಪ ಕುರಿ ಬಿಟ್ಟುಕೊಂಡು ಕೋಟೆಬೆಟ್ಟದ ಬುಡದಲ್ಲಿದ್ದ. ಬಲಗಣ್ಣು ಹೊಲಿದಂತೆ ಮುಚ್ಚಿತ್ತು. ಆ ನುಣುಪು ಚಿತ್ರ ನೋಡಿ, ಶಿಲೀಂಧ್ರದ ಸೋಂಕಿಲ್ಲ ಎಂದು ಸೆಪ್ಟೆಂಬರಿನಲ್ಲಿ ಕೇಂದ್ರದವರು ವರದಿ ಕೊಟ್ಟಿದ್ದರು; ಅದನ್ನು ನಂಬಿ ಹಾಕಿದ ಬೇರೆ ಔಷಧದಿಂದ ಸೋಂಕು ಒಳಗೊಳಗೇ ಹಬ್ಬಿತ್ತು.

“ವನಜಾಕ್ಷಿ ಗೊತ್ತೆ?”

“ಆಯಮ್ಮ ಮೂರ್ ಸಲ ಬಂದಿತ್ತು ಕಣಪ್ಪ. ಯಾಕಮ್ಮ ಅಂದ್ರೆ ಮಾತಿಲ್ಲ. ಅಂಗೇ ಕುಂತಿದ್ದು ಎದ್ದೋಗ್ಬುಡೋದು. ಮಜ್ಜಿಗೆ ಕೊಟ್ರೂ ಮುಟ್ಟಾಕಿಲ್ಲ.”

ಮಧ್ಯಾಹ್ನ 3.20. ಕೊರಟಗೆರೆಯಲ್ಲಿ ವನಜಾಕ್ಷಿಯ ಮನೆ. ಮಹಿಳಾ ಕಾನ್‌ಸ್ಟೆಬಲ್ ಮಂಜುಶ್ರೀ ಮುಂದೆ, ಇಬ್ಬರು ಪಂಚರು ಹಿಂದೆ. ಶೋಧಿಸುವ ಅಗತ್ಯ ಬೀಳಲಿಲ್ಲ. ಬೀರುವಿನಿಂದ ಅವಳೇ ಪೊಟ್ಟಣ ತಂದು ಮೇಜಿನ ಮೇಲಿಟ್ಟಳು. ಕ್ಯಾಮೆರಾಕ್ಕೆ ತೇವ ತಾಕದಂತೆ ಮೂಲೆಗಳಲ್ಲಿ ತೇವ ಹೀರುವ ಪುಟ್ಟ ಚೀಲಗಳನ್ನು ತುರುಕಿದ್ದಳು.

“ಯಾಕೆ ತಂದಿರಿ?”

“ಅದು ಇರೋವರೆಗೂ ಕೇಂದ್ರದವರು ಮಾದರಿ ಬೆಂಗಳೂರಿಗೆ ಕಳಿಸಲ್ಲ ಸರ್. ಬೋರಪ್ಪನ ಚಿತ್ರದಲ್ಲಿ ಪದರ ಬಿಟ್ಟಿದ್ದು ಗೊತ್ತಾದ ಮೇಲೆ ಡಾಕ್ಟರಿಗೆ ಎರಡು ಸಲ ಹೇಳಿದೆ. ಚಿತ್ರ ಚೆನ್ನಾಗಿದೆಯಲ್ಲಮ್ಮ, ಅಂದ್ರು. ಸೋಮವಾರ ರಂಗಕ್ಕಂದು ಇತ್ತು.”

“ನಮಗೇ ಬಂದು ಹೇಳಬಹುದಿತ್ತು.”

“ಬಿಟ್ಟುಹೋಗಿದ್ದನ್ನ ನಿಮಗೆ ಹೆಂಗೆ ತೋರಿಸಲಿ ಸರ್?”

ಗೌರೀಶ್ ಕ್ಯಾಮೆರಾ ಜಪ್ತಿ ಮಾಡಿ, ಪಂಚನಾಮೆಗೆ ಸಹಿ ಪಡೆದು, 4.35ಕ್ಕೆ ಬಂಧನ ದಾಖಲಿಸಿದರು. ಸೂರ್ಯಾಸ್ತದ ನಂತರ ಹೆಂಗಸರನ್ನು ಬಂಧಿಸುವಂತಿಲ್ಲ; ಅದಕ್ಕೆ ಇನ್ನೂ ಹೊತ್ತಿತ್ತು. ಹೊರಡುವ ಮುನ್ನ ಅವಳು ಕೇಳಿದ್ದು ಒಂದೇ.

“ರಂಗಕ್ಕನ ವರದಿ ಬಂತಾ ಸರ್?”

ಆರೋಪಿಗೆ ಅದನ್ನು ತಿಳಿಸಬೇಕೆಂಬ ನಿಯಮವಿರಲಿಲ್ಲ. ಅವರು ಹೊರಗೆ ಹೋಗಿ ಕೇಂದ್ರಕ್ಕೆ ಫೋನ್ ಮಾಡಿ ಬಂದರು.

“ಶಿಲೀಂಧ್ರ ಇದೆಯಂತೆ. ಮಂಗಳವಾರವೇ ಔಷಧ ಶುರು ಮಾಡಿದ್ದಾರೆ. ಕಣ್ಣು ಉಳಿಯುತ್ತದೆ ಅನ್ನುತ್ತಾರೆ.”

ಮಂಜುಶ್ರೀ ಅವಳ ತೋಳು ಹಿಡಿದುಕೊಂಡಳು. ವನಜಾಕ್ಷಿ ಹೇಳಿಕೆ ಬರೆಯುತ್ತಿದ್ದ ಅಂಜಿನಮೂರ್ತಿಯ ಕಡೆ ತಿರುಗಿದಳು.

“ಬೋರಪ್ಪನ ವರದಿಗೆ ತಂತ್ರಜ್ಞರ ಸಹಿ ನನ್ನದೇ. ಪದರ ಎಣಿಸದೆ ಹಾಕಿದೆ. ಅದನ್ನೂ ಬರ್ಕೊಳಿ ಸರ್.”

ಎಫ್‌ಐಆರ್‌ನಲ್ಲಿ ಇದ್ದುದು ಕ್ಯಾಮೆರಾ ಮಾತ್ರ. ಅಂಜಿನಮೂರ್ತಿ ಪೆನ್ನನ್ನು ಎತ್ತಿ ಹಿಡಿದು ಸಾಹೇಬರ ಮುಖ ನೋಡಿದ.

“ಬರೆದುಕೊಳ್ಳಿ,” ಎಂದರು ಗೌರೀಶ್. “ಅವರು ಹೇಳಿದ ಹಾಗೆಯೇ.”